ಸ್ವಾಮಿ ಬೆಳೆದು ದೊಡ್ಡವನಾದ

ರಾಮನ ಹತ್ತಿರ ಹತ್ತು ಮಾವಿನಹಣ್ಣಿವೆ. ಅವನ್ನು ಮಾರಿ ಹದಿನೈದು ಆಣೆ ಸಂಪಾದಿಸಬೇಕು ಅಂತ ಅವನ ಆಸೆ. ಕೃಷ್ಣನಿಗೆ ಬೇಕಿರುವುದು ನಾಲ್ಕೇ ಹಣ್ಣು. ಹಾಗಾದರೆ ಅವನು ಎಷ್ಟು ಕೊಡಬೇಕು? ಅಪ್ಪ ಕೊಟ್ಟ ಈ ಲೆಕ್ಕವನ್ನು ಹಿಡಿದು ಕೂತ ಸ್ವಾಮಿಗೆ ಆಣೆ-ಪೈಸೆಗಿಂತ ಮೊದಲು ಗೊತ್ತಾಗಬೇಕಿರುವುದು ಬೇರೆಯೇ ಸಂಗತಿ: ಆ ಹಣ್ಣು ಮಾಗಿದ್ದವೋ, ಇನ್ನೂ ದೋರೆಗಾಯೋ? ಅದು ತಿಳಿಯದೆ ಬೆಲೆ ಕಟ್ಟುವುದಾದರೂ ಹೇಗೆ?

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಸುಮಾರು ಅರ್ಧ ಶತಮಾನದ ನಂತರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪನ ಕುರ್ಚಿಯಲ್ಲಿ ಗಿರೀಶ ಕಾರ್ನಾಡರು ಕೂತರು. ಅವರ ಎದುರಿಗೆ ಹತ್ತು ವರ್ಷದ ಆಸುಪಾಸಿನ ಹುಡುಗ, ಮಾಸ್ಟರ್ ಮಂಜುನಾಥ್. ಇಂಥ ಸನ್ನಿವೇಶದಲ್ಲಿ ನಗಿಸುವುದು ಸುಲಭ. ಕಣ್ಣು ಪಿಳಿಪಿಳಿ ಮಾಡಿ, ತುಟಿ ಉಬ್ಬಿಸಿ, ಕ್ಯಾಮೆರಾದ ಕಡೆಗೊಮ್ಮೆ ಕಳ್ಳನೋಟ ಬೀರಿದರೆ ನೋಡುವವರು ‘ಅಯ್ಯೋ, ಎಷ್ಟು ಮುದ್ದಾಗಿದೆ ಮಗು’ ಎಂದು ಕರಗಿಬಿಡುತ್ತಾರೆ. ಮಂಜುನಾಥ್ ಅದನ್ನು ಮಾಡಲಿಲ್ಲ. ಅವರ ಸ್ವಾಮಿ ನಿಜಕ್ಕೂ ಚಿಂತೆಯಲ್ಲಿದ್ದಾನೆ. ಅಪ್ಪನ ಸಿಟ್ಟು ಏರುತ್ತಿರುವುದು ಅವನಿಗೆ ಗೊತ್ತು, ಹಣ್ಣಿನ ಸಂಗತಿ ಇತ್ಯರ್ಥವಾಗದೆ ಮುಂದೆ ಹೋಗುವಂತಿಲ್ಲ ಎಂಬುದೂ ಅವನಿಗೆ ಅಷ್ಟೇ ಖಾತ್ರಿ. ನಗು ಬರುವುದು ನಮಗೆ, ಅವನಿಗಲ್ಲ. ಇದು ನುರಿತ ನಟರೂ ಎಡವುವ ಜಾಗ. ಆ ಹುಡುಗನ ಮುಗ್ಧತೆಯನ್ನು ನಾವೆಲ್ಲ ಹೊಗಳಿದ್ದೇವೆ. ಅದರ ಹಿಂದೆ ಇದ್ದ ಕಸುಬನ್ನು ಮಾತ್ರ ಗುರುತಿಸಿದ್ದು ಕಡಿಮೆ ಎಂದೇ ನನ್ನ ಭಾವನೆ.

ಬೆಂಗಳೂರಿನಲ್ಲಿ 1976ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಂಜುನಾಥ್ ಕ್ಯಾಮೆರಾ ಎದುರು ನಿಂತದ್ದು ಮೂರನೆಯ ವಯಸ್ಸಿನಲ್ಲಿ. ಸ್ವಾಮಿಯ ಪಾತ್ರ ಸಿಗುವ ಹೊತ್ತಿಗೆ ಕನ್ನಡ ಚಿತ್ರಗಳ ಸೆಟ್ಟು, ಲೈಟು, ‘ಆ್ಯಕ್ಷನ್’ ಎಂಬ ಕೂಗು ಎಲ್ಲವೂ ಅವರಿಗೆ ಪರಿಚಿತವಾಗಿದ್ದವು. ಧಾರಾವಾಹಿಯ ನಿರ್ಮಾಪಕರು ಟಿ.ಎಸ್. ನರಸಿಂಹನ್. ನಿರ್ದೇಶಕ ಶಂಕರ್‌ನಾಗ್‌ಗೆ ಆಗ ಮೂವತ್ತರ ಆಚೀಚೆ ವಯಸ್ಸು. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಮಾಡಿ ಆಗಿತ್ತು, ಮೈಯಲ್ಲಿ ದಣಿವೆಂಬುದೇ ಇರಲಿಲ್ಲ. ನಾರಾಯಣ್ ಕಲ್ಪಿಸಿದ ಸರಯೂ ತೀರದ ಊರನ್ನು ಅವರು ಮಲೆನಾಡಿನ ಆಗುಂಬೆಯಲ್ಲಿ ನಿಲ್ಲಿಸಿದರು. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು, ಕ್ಯಾಮೆರಾ ಎಸ್. ರಾಮಚಂದ್ರ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು, ಶೀರ್ಷಿಕೆಯ ರೇಖಾಚಿತ್ರಗಳು ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಅಮ್ಮನ ಪಾತ್ರದಲ್ಲಿ ವೈಶಾಲಿ ಕಾಸರವಳ್ಳಿ. ದೆಹಲಿಯಿಂದ ದೇಶಕ್ಕೆಲ್ಲ ಪ್ರಸಾರವಾದ ಹಿಂದಿ ಧಾರಾವಾಹಿಯೊಂದರ ಬೆನ್ನೆಲುಬು ಇಷ್ಟರಮಟ್ಟಿಗೆ ಕನ್ನಡದ್ದಾಗಿತ್ತು ಎಂಬುದನ್ನು ಇವತ್ತಿನ ಮಕ್ಕಳಿಗೆ ಹೇಳಿದರೆ ಬೆರಗಾಗುತ್ತಾರೆ.

ಆಗುಂಬೆಯ ಮಳೆ ಗೊತ್ತಿದ್ದವರಿಗೆ ಅಲ್ಲಿ ಶೂಟಿಂಗ್ ಎಂದರೇನು ಎಂದು ವಿವರಿಸಬೇಕಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು. ಮೋಡ ನೋಡಿಕೊಂಡು ಕೆಲಸ, ಬಿಸಿಲು ಬಿದ್ದಾಗ ಓಟ. ಅದರ ಮೇಲೆ ಇನ್ನೊಂದು ಹೊರೆ: ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಾಗೂ ‘ದಿ ವೆಂಡರ್ ಆಫ್ ಸ್ವೀಟ್ಸ್’ ಒಳಗೊಂಡ ಮೊದಲ ಹದಿಮೂರು ಕಂತುಗಳನ್ನು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ತಯಾರಿಸಿದರು. ಬೆಂಗಳೂರಿನ ಒಬ್ಬ ಚಿಕ್ಕ ಹುಡುಗ ಒಂದೇ ದುಃಖವನ್ನು, ಒಂದೇ ಕುತೂಹಲವನ್ನು ಎರಡು ಭಾಷೆಗಳಲ್ಲಿ, ಎರಡೂ ಸಲ ಹೊಸದೆಂಬಂತೆ ಕೊಡಬೇಕಿತ್ತು. ಸ್ವಾಮಿಯ ಗೆಳೆಯ ರಾಜಮ್ ಊರು ಬಿಟ್ಟು ಹೋಗುವ ಪ್ರಸಂಗ ನೆನಪಿಸಿಕೊಳ್ಳಿ. ಸಿಟ್ಟಾಗಿರುವ ಗೆಳೆಯನಿಗೆ ಕೊಡಲೆಂದು ಸ್ವಾಮಿ ತಂದಿದ್ದ ಆ್ಯಂಡರ್ಸನ್ ಕಥೆಗಳ ಪುಸ್ತಕ, ಹೊರಡುವ ರೈಲು, ರಾಜಮ್ ಕ್ಷಮಿಸಿದನೋ ಇಲ್ಲವೋ ಎಂಬ ಬಗೆಹರಿಯದ ಪ್ರಶ್ನೆ. ದೊಡ್ಡವರ ಪ್ರೇಮಭಂಗಗಳನ್ನು ಎಷ್ಟೋ ನೋಡಿದ್ದೇವೆ. ಇಬ್ಬರು ಹುಡುಗರ ಸ್ನೇಹ ಮುರಿಯುವುದು ಅಷ್ಟೇ ದೊಡ್ಡ ನಷ್ಟ ಎಂದು ಟಿ.ವಿ. ಪರದೆ ನಮಗೆ ತೋರಿಸಿದ್ದು ಅಪರೂಪ.

ಇದೇ ಕಥೆಯ ‘ಸ್ವಾಮಿ’ ಚಿತ್ರಕ್ಕಾಗಿ ಮಂಜುನಾಥ್ ಅವರಿಗೆ 1987ರ ಸಾಲಿನ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಆ ಹೊತ್ತಿಗೆ ದೇಶದಲ್ಲಿ ಇದ್ದದ್ದು ದೂರದರ್ಶನ ಒಂದೇ. ‘ಹಮ್ ಲೋಗ್’, ‘ಬುನಿಯಾದ್’ ಬಂದು ಮನೆ ಮಾತಾಗಿದ್ದವು, ‘ರಾಮಾಯಣ’ ಶುರುವಾಗಿತ್ತು. ಒಂದು ಬೀದಿಗೆ ಒಂದೋ ಎರಡೋ ಟಿ.ವಿ., ಅದರ ಮುಂದೆ ಬೀದಿಯವರೆಲ್ಲ. ಅಂಥ ಕಾಲದಲ್ಲಿ ಪರದೆಯ ಮೇಲೆ ಕಂಡ ಮುಖ ಊರಿಗೆಲ್ಲ ಗೊತ್ತಾಗುತ್ತಿತ್ತು. ಇವತ್ತು ನೂರು ಚಾನೆಲ್ಲುಗಳ ನಡುವೆ ಸಿಗುವ ಹೆಸರಿಗೂ ಆ ಖ್ಯಾತಿಗೂ ಹೋಲಿಕೆಯೇ ಇಲ್ಲ.

ಸ್ವಾಮಿಯಾದ ಮೇಲೆ ಬೇರೆ ಯಾವ ಪಾತ್ರವೂ ಒಗ್ಗದೆ ಹೋಗುವ ಅಪಾಯ ಇತ್ತು. ಅದನ್ನು ಅವರು ದಾಟಿದ ಬಗೆಯೂ ಅವರ ಪ್ರತಿಭೆಗೆ ಸಾಕ್ಷಿ. 1988ರಲ್ಲಿ ರವಿಚಂದ್ರನ್ ಅವರ ‘ರಣಧೀರ’ ಬಂತು. 1990ರಲ್ಲಿ ಮುಕುಲ್ ಆನಂದ್ ನಿರ್ದೇಶನದ ‘ಅಗ್ನಿಪಥ್’. ಅಲ್ಲಿ ಅವರು ಬಾಲಕ ವಿಜಯ್ ದೀನಾನಾಥ್ ಚೌಹಾಣ್. ಬೆಳೆದ ವಿಜಯ್ ಅಮಿತಾಭ್ ಬಚ್ಚನ್. ಇಲ್ಲೂ ಅಪ್ಪ ಇದ್ದಾನೆ, ಶಾಲಾ ಮೇಷ್ಟ್ರು. ಊರವರ ಕೈಯಲ್ಲೇ ಆ ಅಪ್ಪ ಸಾಯುತ್ತಾನೆ, ಹುಡುಗ ತಾಯಿಯೊಡನೆ ಮುಂಬೈ ಸೇರುತ್ತಾನೆ. ಈ ಪಾತ್ರದ ಕಷ್ಟ ಬೇರೆ ತರಹದ್ದು. ಮುಂದೆ ಬರಲಿರುವ ಮಹಾತಾರೆಯ ಗತ್ತು, ಒಳಗೇ ಕುದಿಯುವ ಸಿಟ್ಟು, ಬಗ್ಗದ ಕತ್ತು ಇವೆಲ್ಲ ಈ ಹುಡುಗನಲ್ಲೇ ಮೊಳೆತಿವೆ ಎಂದು ಪ್ರೇಕ್ಷಕರಿಗೆ ಅನ್ನಿಸಬೇಕು, ಹಾಗಂತ ಅನುಕರಣೆಯೂ ಆಗಕೂಡದು. ಪೆಟ್ರೋಲ್ ಬಂಕಿಗೆ ಬೆಂಕಿಯಿಟ್ಟು, ಪೊಲೀಸ್ ಅಧಿಕಾರಿಯ ಎದುರು ಹೆದರದೆ ನಿಲ್ಲುವ ಆ ಬಾಲಕನಲ್ಲಿ ಸ್ವಾಮಿಯ ಒಂದು ಗೆರೆಯೂ ಕಾಣುವುದಿಲ್ಲ. ಹತ್ತು ವರ್ಷಕ್ಕೆ ಸ್ವಾಮಿ, ಹದಿಮೂರಕ್ಕೆ ವಿಜಯ್. ಇಷ್ಟು ದೂರ ನಡೆಯಲು ಎಷ್ಟೋ ನಟರಿಗೆ ಇಡೀ ವೃತ್ತಿಜೀವನ ಹಿಡಿಯುತ್ತದೆ.

ಆದರೂ ಅವರ ಕೆಲಸಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಬೊಟ್ಟು ಮಾಡುವುದು ಕನ್ನಡಿಗರಲ್ಲಿ ಅನೇಕರು ನೋಡದೇ ಇರುವ ತೆಲುಗು ಚಿತ್ರವೊಂದನ್ನು. ಕೆ. ವಿಶ್ವನಾಥ್ ಅವರ ‘ಸ್ವಾತಿ ಕಿರಣಂ’, 1992ರದ್ದು. ಕೀರ್ತಿಯ ಶಿಖರದಲ್ಲಿರುವ ಸಂಗೀತ ವಿದ್ವಾಂಸ ಅನಂತರಾಮ ಶರ್ಮನಾಗಿ ಮಮ್ಮೂಟ್ಟಿ, ಅವನ ಹೆಂಡತಿಯಾಗಿ ರಾಧಿಕಾ. ಹುಟ್ಟು ಗಾಯಕನಾದ ಹುಡುಗ ಗಂಗಾಧರಂ ಆಗಿ ಮಂಜುನಾಥ್. ಮಕ್ಕಳಿಲ್ಲದ ಆ ಮನೆಗೆ ಶಿಷ್ಯನಾಗಿ ಬಂದ ಹುಡುಗನನ್ನು ಗುರುಪತ್ನಿ ಮಗನಂತೆ ಅಪ್ಪಿಕೊಳ್ಳುತ್ತಾಳೆ. ಗುರುವಿಗೆ ಹೊಟ್ಟೆಯಲ್ಲಿ ಅಸೂಯೆ ಹುಟ್ಟುತ್ತದೆ. ಹುಡುಗ ಹಾಡಿದಷ್ಟೂ ಅದು ಬೆಳೆಯುತ್ತದೆ. ಕೊನೆಗೆ ಗುರುವಿನ ಮನಸ್ಸಿಗೆ ತಾನೇ ಮುಳ್ಳು ಎಂದು ಅರಿತ ಹುಡುಗ ತನ್ನ ಪ್ರಾಣವನ್ನೇ ಬಿಡುತ್ತಾನೆ.

ಕೆ.ವಿ. ಮಹದೇವನ್ ಸಂಗೀತದ ಆ ಹಾಡುಗಳಲ್ಲಿ ಹುಡುಗನ ದನಿ ವಾಣಿ ಜಯರಾಂ ಅವರದು. ಅವರಿಗೆ ಈ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಬಂತು. ಹಾಡುವ ಮೈ ಮಂಜುನಾಥ್ ಅವರದು. ಶಾಸ್ತ್ರೀಯ ಸಂಗೀತಕ್ಕೆ ತುಟಿ ಕೂಡಿಸುವುದು ಸಿನಿಮಾ ಹಾಡಿಗೆ ಕೂಡಿಸಿದಂತಲ್ಲ. ಸ್ವರ ಏರುವಾಗ ಕತ್ತಿನ ನರ ಬಿಗಿಯಬೇಕು, ಗಮಕದಲ್ಲಿ ಗಲ್ಲ ಅಲುಗಬೇಕು, ಉಸಿರು ತೆಗೆದುಕೊಳ್ಳುವ ಜಾಗ ತಪ್ಪಿದರೆ ಸಂಗೀತ ಬಲ್ಲವರಿಗೆ ತಕ್ಷಣ ಸುಳ್ಳು ಕಾಣುತ್ತದೆ. ಈ ಹುಡುಗನಲ್ಲಿ ಸುಳ್ಳು ಕಾಣುವುದಿಲ್ಲ. ಹಾಡು ಮುಗಿದ ಕೂಡಲೇ ಗುರುವಿನ ಮುಖ ನೋಡುವ ಅವನ ನೋಟವನ್ನಂತೂ ಮರೆಯಲಾಗದು: ಮೆಚ್ಚುಗೆಗಾಗಿ ಕಾಯುವ ಆಸೆ ಒಂದು ಕಡೆ, ಅದು ಸಿಗಲಾರದೆಂಬ ಅಳುಕು ಇನ್ನೊಂದು ಕಡೆ. ಮಕ್ಕಳ ಪ್ರತಿಭೆ ದೊಡ್ಡವರ ಆಸೆ, ದುರಾಸೆಗಳ ನಡುವೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದೇ ಆ ಚಿತ್ರದ ವಸ್ತು. ಅದನ್ನು ಅಭಿನಯಿಸಿದವರು ಸ್ವತಃ ಅಂಥ ಒಬ್ಬ ಪ್ರತಿಭಾವಂತ ಬಾಲಕ ಎಂಬುದನ್ನು ಬದಿಗಿಟ್ಟು ಆ ಚಿತ್ರವನ್ನು ನೋಡಲು ನನಗೆ ಯಾವತ್ತೂ ಆಗಿಲ್ಲ.

ಅದಕ್ಕೂ ಮೊದಲೇ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತ ಶಂಕರ್‌ನಾಗ್ ಅವರನ್ನು ಕರೆದೊಯ್ದಿತ್ತು. ಮಂಜುನಾಥ್‌ಗೆ ಆಗಿನ್ನೂ ಹದಿನಾಲ್ಕು ತುಂಬಿರಲಿಲ್ಲ.

ಹತ್ತೊಂಬತ್ತರ ಹೊತ್ತಿಗೆ ಮಂಜುನಾಥ್ ನಟನೆ ನಿಲ್ಲಿಸಿದರು. ಓದಿನ ಕಡೆ ಹೊರಳಿದರು. ಮುಂದೆ ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯಲ್ಲಿ ದುಡಿದರು, ಸಾರ್ವಜನಿಕ ಸಂಪರ್ಕ ಕ್ಷೇತ್ರದಲ್ಲಿ ನೆಲೆ ಕಂಡುಕೊಂಡರು. ಈ ಮೂರ್ನಾಲ್ಕು ವಾಕ್ಯಗಳನ್ನು ಓದಿದ ಕೂಡಲೇ ಅನೇಕರ ಬಾಯಲ್ಲಿ ‘ಛೇ, ಪಾಪ’ ಎಂಬ ಮಾತು ಬರುತ್ತದೆ. ನನಗೆ ಆ ಮಾತಿನ ಬಗ್ಗೆ ತಕರಾರಿದೆ. ಗಂಡುಹುಡುಗರ ದನಿ ಒಡೆಯುವ, ಮೀಸೆ ಚಿಗುರುವ ವಯಸ್ಸಿಗೆ ನಮ್ಮ ಸಿನಿಮಾದಲ್ಲಿ ಪಾತ್ರಗಳೇ ಇಲ್ಲ. ಮಗುವಾಗಿರಲು ದೊಡ್ಡವನು, ನಾಯಕನಾಗಲು ಚಿಕ್ಕವನು. ಆ ನಾಲ್ಕೈದು ವರ್ಷ ಕಾದು ಕೂತು, ಹಳೆಯ ಹೆಸರಿನ ಬಲದ ಮೇಲೆ ಸಣ್ಣಪುಟ್ಟ ಪಾತ್ರ ಬೇಡುತ್ತ ಸವೆದುಹೋದವರು ಎಷ್ಟೋ ಜನ. ಹದಿನಾರು ವರ್ಷ ಒಂದು ಕೆಲಸವನ್ನು ಚೆನ್ನಾಗಿ ಮಾಡಿ, ಬಿಡುವ ಹೊತ್ತು ಬಂದಾಗ ಬಿಟ್ಟು, ಇನ್ನೊಂದು ಕೆಲಸ ಹಿಡಿದು ಸಂಸಾರ ನಡೆಸುವುದನ್ನು ಬ್ಯಾಂಕ್ ನೌಕರನೋ ಸೈನಿಕನೋ ಮಾಡಿದರೆ ನಾವು ‘ಪಾಪ’ ಎನ್ನುತ್ತೇವೆಯೇ? ಮಂಜುನಾಥ್ ಸಂದರ್ಶನಗಳಿಗೆ ಸಿಗುತ್ತಾರೆ, ಮಾಲ್ಗುಡಿಯ ಬಗ್ಗೆ, ಶಂಕರ್‌ನಾಗ್ ಬಗ್ಗೆ ಅಕ್ಕರೆಯಿಂದ ಮಾತಾಡುತ್ತಾರೆ. ಕಹಿಯಿಲ್ಲ.

ಅವರ ಬದುಕು ಹೀಗೆ ಸಾಗಿದ್ದಕ್ಕೆ ಅದೃಷ್ಟವೂ ಕಾರಣ, ಸುತ್ತ ಇದ್ದ ಜನರೂ ಕಾರಣ. ಇದು ಚೆನ್ನಾಗಿ ಅರ್ಥವಾಗಬೇಕಾದರೆ ಅದೇ ಪ್ರಶಸ್ತಿಯನ್ನು ಪಡೆದ ಇನ್ನಿಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. 1985ರ ಸಾಲಿನ ಬಾಲನಟ ರಾಷ್ಟ್ರಪ್ರಶಸ್ತಿ ‘ಬೆಟ್ಟದ ಹೂವು’ ಚಿತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರದಾಯಿತು. 1987ರದ್ದು ಮಂಜುನಾಥ್ ಅವರದು. 1988ರದ್ದು ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ ಚಿತ್ರದ ಶಫೀಕ್ ಸಯ್ಯದ್ ಅವರದು. ನಾಲ್ಕು ವರ್ಷಗಳೊಳಗೆ ಮೂವರು, ಮೂವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಮೂವರ ಬದುಕೂ ಬೆಂಗಳೂರಿಗೆ ಗಂಟುಬಿದ್ದದ್ದು.

ಪುನೀತ್ ಹಿಂದೆ ರಾಜ್‌ಕುಮಾರ್ ಎಂಬ ಹೆಮ್ಮರ, ಪಾರ್ವತಮ್ಮನವರ ನಿಗಾ, ಸ್ವಂತ ನಿರ್ಮಾಣ ಸಂಸ್ಥೆ ಇದ್ದವು. ಬಾಲ್ಯದ ನಂತರದ ಬರಗಾಲದ ವರ್ಷಗಳನ್ನು ಅವರು ತೆರೆಯಿಂದ ದೂರವಿದ್ದು ಕಳೆಯಬಹುದಿತ್ತು, ಕಳೆದರು. 2002ರಲ್ಲಿ ‘ಅಪ್ಪು’ ಚಿತ್ರದ ಮೂಲಕ ನಾಯಕರಾಗಿ ಬಂದರು. 2021ರ ಅಕ್ಟೋಬರಿನಲ್ಲಿ ಅವರು ಹೋದಾಗ ನಾಡೇ ಅತ್ತದ್ದು ಎಲ್ಲರಿಗೂ ಗೊತ್ತು.

ಶಫೀಕ್ ಅವರ ಹಿಂದೆ ಯಾರೂ ಇರಲಿಲ್ಲ. ಬೆಂಗಳೂರಿನಿಂದ ಓಡಿಹೋಗಿ ಮುಂಬೈ ಬೀದಿಗಳಲ್ಲಿ ದಿನ ದೂಡುತ್ತಿದ್ದ ಹುಡುಗ. ಬೀದಿಮಕ್ಕಳಿಗಾಗಿ ನಡೆದ ಕಮ್ಮಟದಿಂದ ಆಯ್ಕೆಯಾಗಿ ಚಹಾ ಹಂಚುವ ಕೃಷ್ಣನ ಪಾತ್ರ ಮಾಡಿದರು. ಚಿತ್ರ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಆ ಚಿತ್ರದಿಂದಲೇ ಬೀದಿಮಕ್ಕಳಿಗಾಗಿ ‘ಸಲಾಂ ಬಾಲಕ್ ಟ್ರಸ್ಟ್’ ಹುಟ್ಟಿ ಸಾವಿರಾರು ಮಕ್ಕಳಿಗೆ ನೆರಳಾಯಿತು ಎಂಬುದೂ ನಿಜ. ಆದರೆ ಶಫೀಕ್‌ಗೆ ಮುಂದೆ ಸಿಕ್ಕಿದ್ದು ಗೌತಮ್ ಘೋಷ್ ಅವರ ‘ಪತಂಗ್’ ಬಿಟ್ಟರೆ ಹೇಳಿಕೊಳ್ಳುವಂಥದ್ದೇನಲ್ಲ. ಬೆಂಗಳೂರಿಗೆ ಮರಳಿ ಆಟೊ ಓಡಿಸಿ ಸಂಸಾರ ಸಾಕಿದರು. ಆಟೊ ಓಡಿಸುವುದರಲ್ಲಿ ಅವಮಾನವೇನಿಲ್ಲ, ಅವಮಾನವಾಗಬೇಕಿರುವುದು ನಮಗೆ. ಇಡೀ ಚಿತ್ರವನ್ನು ಹೆಗಲ ಮೇಲೆ ಹೊತ್ತ ಹುಡುಗನಿಗೆ ದೇಶ ಪದಕ ಕೊಟ್ಟಿತು, ಶಾಲೆಗೆ ಸೇರಿಸಿ ಕೊನೆಯವರೆಗೆ ಓದಿಸುವ ಹೊಣೆಯನ್ನು ಯಾರೂ ಹೊರಲಿಲ್ಲ.

ಮಂಜುನಾಥ್ ಇವರಿಬ್ಬರ ನಡುವಿನವರು. ಸಾಮ್ರಾಜ್ಯವೂ ಇರಲಿಲ್ಲ, ಬೀದಿಯೂ ಅಲ್ಲ. ಅವರಿಗೆ ಸಿಕ್ಕಿದ್ದು ಒಂದು ಒಳ್ಳೆಯ ತಂಡ, ಮತ್ತು ಕೊನೆ ಇದ್ದ ಒಂದು ಕಥೆ. ಈ ಎರಡನೆಯದು ನಾವು ಅಂದುಕೊಂಡದ್ದಕ್ಕಿಂತ ಮುಖ್ಯ. ಶಂಕರ್‌ನಾಗ್ ನಿರ್ದೇಶಿಸಿದ್ದು ಒಟ್ಟು 39 ಕಂತು, ಅದರಲ್ಲಿ ಸ್ವಾಮಿಯ ಕಥೆ ಬೆರಳೆಣಿಕೆಯಷ್ಟು. ಕಾದಂಬರಿ ಮುಗಿದಲ್ಲಿ ಸ್ವಾಮಿಯ ಕೆಲಸವೂ ಮುಗಿಯಿತು. ಟಿ.ಆರ್.ಪಿ. ಚೆನ್ನಾಗಿದೆ ಎಂದು ರಾಜಮ್‌ನನ್ನು ರೈಲಿನಿಂದ ಇಳಿಸಿ ಇನ್ನೂ ಇನ್ನೂರು ಕಂತು ಎಳೆಯುವ ಪದ್ಧತಿ ಆಗ ಇರಲಿಲ್ಲ.

ಈಗಿನ ದೈನಿಕ ಧಾರಾವಾಹಿ ಮುಗಿಯುವುದು ಯಾವಾಗ ಎಂದು ಅದನ್ನು ಬರೆಯುವವರಿಗೂ ಗೊತ್ತಿರುವುದಿಲ್ಲ. ವಾರಕ್ಕೆ ಐದಾರು ಕಂತು ಪ್ರಸಾರವಾಗಬೇಕು, ಒಂದಿಷ್ಟು ಕಂತು ಮುಂಚಿತವಾಗಿಯೇ ಸಿದ್ಧವಿರಬೇಕು. ಬೆಂಗಳೂರಿನ ಹೊರವಲಯದ ಒಂದು ಸೆಟ್ಟಿನಲ್ಲಿ ನಾನು ಕಂಡ ಏಳೆಂಟು ವರ್ಷದ ಹುಡುಗಿ ಮೇಕಪ್ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಪುಸ್ತಕ ಬಿಡಿಸಿಟ್ಟುಕೊಂಡು ಮಗ್ಗಿ ಬರೆಯುತ್ತಿದ್ದಳು. ಪಕ್ಕದಲ್ಲಿ ಅವಳ ಅಮ್ಮ, ತೊಡೆಯ ಮೇಲೆ ಟಿಫಿನ್ ಡಬ್ಬಿ. ಅಂದು ಅಳುವ ಸೀನು. ಮೊದಲ ಟೇಕಿನಲ್ಲಿ ನಿಜವಾದ ಕಣ್ಣೀರೇ ಬಂತು. ಆದರೆ ಲೈಟಿನಲ್ಲೇನೋ ಎಡವಟ್ಟು. ‘ಪುಟ್ಟಿ, ಇನ್ನೊಂದೇ ಒಂದು ಟೇಕು ಬಂಗಾರ, ಆಮೇಲೆ ಊಟ’ ಎಂದರು ಸಹಾಯಕ ನಿರ್ದೇಶಕರು, ಪ್ರೀತಿಯಿಂದಲೇ. ಎರಡನೆಯದಕ್ಕೆ ಕಣ್ಣೀರು ಬರಲಿಲ್ಲ, ಗ್ಲಿಸರಿನ್ ಬಂತು. ಉರಿಗೆ ಕಣ್ಣು ಕೆಂಪಾಗಿ, ಆ ಕೆಂಪೇ ಕ್ಲೋಸಪ್ಪಿಗೆ ಒದಗಿತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಎಲ್ಲರಿಗೂ ಆ ದಿನದ ಕಂತು ಮುಗಿಸುವ ಧಾವಂತ, ಅಷ್ಟೇ. ಮಗ್ಗಿಯ ಪುಸ್ತಕ ಮಾತ್ರ ಸಂಜೆಯವರೆಗೂ ಅದೇ ಪುಟದಲ್ಲಿತ್ತು.

ಸಂಪಾದಿಸುವ ಮಕ್ಕಳ ಹಣ ಯಾರದು ಎಂಬ ಪ್ರಶ್ನೆ ಹೊಸದಲ್ಲ. ಚಾಪ್ಲಿನ್‌ನ ‘ದಿ ಕಿಡ್’ ಚಿತ್ರದ ಹುಡುಗ ಜಾಕಿ ಕೂಗನ್ ದೊಡ್ಡವನಾಗಿ ನೋಡುವಾಗ ತಾನು ದುಡಿದದ್ದು ಬಹುಪಾಲು ಕರಗಿತ್ತು. ತಾಯಿ ಮತ್ತು ಮಲತಂದೆಯ ವಿರುದ್ಧವೇ ಅವನು ಕೋರ್ಟಿಗೆ ಹೋದ. ಆ ಪ್ರಕರಣದಿಂದ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಬಂತು. ನಮ್ಮಲ್ಲಿ ಮಾಲ್ಗುಡಿಯ ಕಾಲದ 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ ಬಾಲನಟರಿಗೆಂದೇ ಪ್ರತ್ಯೇಕ ನಿಯಮಗಳಿರಲಿಲ್ಲ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಸಿನಿಮಾ-ಟಿ.ವಿ. ಕಲಾವಿದರಾಗಲು ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಷರತ್ತುಗಳು 2017ರ ನಿಯಮಗಳಲ್ಲಿವೆ. ಓದಿದರೆ, ಮಕ್ಕಳನ್ನು ಬಲ್ಲವರೇ ಬರೆದದ್ದು ಅನ್ನಿಸುತ್ತದೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ವಿಶ್ರಾಂತಿ ಇಲ್ಲದೆ 3 ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನ ಮೀರುವಂತಿಲ್ಲ. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿ ವ್ಯಕ್ತಿ ಬೇಕು. ಶೂಟಿಂಗ್ ನಡೆಯುವ ಜಿಲ್ಲೆಯ ದಂಡಾಧಿಕಾರಿಗಳ, ಅಂದರೆ ಡಿ.ಸಿ.ಯವರ ಅನುಮತಿ ಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಏನನ್ನೂ ಮಾಡಿಸುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಪ್ರಾಪ್ತ ವಯಸ್ಸಿಗೆ ಬಂದಾಗ ಅದು ಆ ಮಗುವಿನ ಕೈಗೇ ಸೇರಬೇಕು.

ಆ ಸೆಟ್ಟಿನಲ್ಲಿದ್ದ ತಾಯಿಗೆ ಠೇವಣಿಯ ವಿಷಯ ಹೇಳಿದೆ. ‘ಹಾಗೊಂದು ರೂಲ್ ಇದ್ಯಾ ಸಾರ್? ನಮಗ್ಯಾರೂ ಹೇಳೇ ಇಲ್ಲ’ ಅಂದರು. ಮಕ್ಕಳನ್ನು ಚಾನೆಲ್ಲಿನ ಆಡಿಷನ್ನಿಗೆ ಕರೆತಂದು ಭಾನುವಾರ ಬೆಳಿಗ್ಗೆಯೇ ಸಾಲಿನಲ್ಲಿ ನಿಲ್ಲುವ ನೂರಾರು ಅಪ್ಪ-ಅಮ್ಮಂದಿರಿಗೂ ಬಹುಶಃ ಯಾರೂ ಹೇಳಿರಲಿಕ್ಕಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಡಿ.ಸಿ. ಅನುಮತಿಯ ಪ್ರತಿ ತೋರಿಸಿ ಎಂದು ಕೇಳಿ. ಠೇವಣಿ ಯಾವ ಬ್ಯಾಂಕಿನಲ್ಲಿ ಎಂದು ಕೇಳಿ. ಪರೀಕ್ಷೆಯ ವಾರಗಳಲ್ಲಿ ಕಾಲ್‌ಶೀಟ್ ಇರುವುದಿಲ್ಲವೆಂದು ಬರಹದಲ್ಲಿ ಕೊಡಿ ಎನ್ನಿ. ಪಾತ್ರ ಎಷ್ಟು ತಿಂಗಳಿಗೆ ಮುಗಿಯುತ್ತದೆ ಎಂದೂ ಕೇಳಿ. ಗೊತ್ತಿಲ್ಲ ಎಂಬ ಉತ್ತರ ಬಂದರೆ, ಎಷ್ಟು ತಿಂಗಳಿಗೆ ಮುಗಿಯಬೇಕು ಎಂದು ನೀವೇ ಹೇಳಿ.